ಹೃದಯವೆಂಬ ಕೆಲಸಗಾರ

(ಹೊಸೂರಿನಲ್ಲಿ ಕಾರ್ಮಿಕ ಬಂಧುಗಳ ತಿಂಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಕೂಟದಲ್ಲಿ ನಾವು ಸಂಬಳ, ಬೋನಸ್, ಪಿ.ಎಫ್., ಕಾಂಟ್ರಾಕ್ಟ್ ಪದ್ಧತಿ ಇವುಗಳ ವಿಷಯ ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತು ಬೇರೊಬ್ಬ ಕೆಲಸಗಾರನ ವಿಷಯ ಮಾತಾಡೋಣ. ಇವನು ಹುಟ್ಟುವುದಕ್ಕೆ ಮುಂಚೆಯೇ, ತಾಯಿಯ ಗರ್ಭದಲ್ಲಿಯೇ ಕೆಲಸಕ್ಕೆ ಸೇರಿದವನು. ಹಬ್ಬಕ್ಕೂ ರಜೆ ಇಲ್ಲ, ಭಾನುವಾರವೂ ಇಲ್ಲ. ಮೂರೂ ಶಿಫ್ಟು ಇವನೊಬ್ಬನೇ. ಇವನೇ ನಮ್ಮ ಹೃದಯ.

ಈ ವಿಷಯ ಯಾಕೆ ಆರಿಸಿಕೊಂಡೆವೆಂದರೆ, ನಮ್ಮ ಲೈನು ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. “ರಾತ್ರಿ ಚೆನ್ನಾಗಿಯೇ ಊಟ ಮಾಡಿದರು, ಎದೆ ಹಿಡಿದುಕೊಂಡಿದೆ ಅಂದರು, ಗ್ಯಾಸ್ ಇರಬೇಕು ಅಂತ ಸೋಡಾ ಕೊಟ್ಟೆವು, ಬೆಳಿಗ್ಗೆ ನೋಡಿದರೆ ಇಲ್ಲ.” ಮನೆಯವರು ವಿಧಿ ಎಂದು ಹಣೆ ಬಡಿದುಕೊಳ್ಳುತ್ತಾರೆ. ಎಲ್ಲವೂ ವಿಧಿಯಲ್ಲ. ಮೆಷಿನ್ ಹೇಗೆ ಓಡುತ್ತದೆಂದು ಬಲ್ಲವನಿಗೆ ಅದರ ಸದ್ದು ಬದಲಾದ ಕೂಡಲೇ ತಿಳಿಯುತ್ತದೆ. ನಾವು ಕಂಪನಿಯ ಮೆಷಿನ್ನಿಗೆ ದಿನವೂ ಎಣ್ಣೆ ಹಾಕುತ್ತೇವೆ, ಗೇಜು ನೋಡುತ್ತೇವೆ, ರಿಜಿಸ್ಟರಿನಲ್ಲಿ ಬರೆಯುತ್ತೇವೆ. ನಮ್ಮೊಳಗಿನ ಯಂತ್ರದ ಗೇಜನ್ನು ವರ್ಷಕ್ಕೊಮ್ಮೆಯಾದರೂ ನೋಡುತ್ತೇವೆಯೇ? ನಾವು ಡಾಕ್ಟರರಲ್ಲ; ಎಸ್.ಎಸ್.ಎಲ್.ಸಿ. ಓದಿದವರು. ಆದರೆ ಪಂಪು, ವಾಲ್ವು, ಪ್ರೆಷರ್ ಎಂದರೆ ಏನೆಂದು ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು. ಹೃದಯವನ್ನು ತಿಳಿಯಲು ಅಷ್ಟು ಸಾಕು.

ಒಂದು ಗೂಡಿನಲ್ಲಿ ಎರಡು ಪಂಪು

ನಿಮ್ಮ ಮುಷ್ಟಿಯನ್ನು ಬಿಗಿ ಹಿಡಿದು ನೋಡಿರಿ. ನಿಮ್ಮ ಹೃದಯ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ತೂಕ ಸುಮಾರು ೩೦೦ ಗ್ರಾಂ. ಎಡಗಡೆ ಇದೆ ಎಂದು ನಾವು ಕೈಯಿಟ್ಟು ತೋರಿಸುತ್ತೇವೆ. ನಿಜವಾಗಿ ಅದು ಎದೆಯ ಮಧ್ಯದಲ್ಲಿ, ಎರಡು ಪುಪ್ಪುಸಗಳ ನಡುವೆ, ತುದಿ ಎಡಕ್ಕೆ ವಾಲಿದಂತೆ ಕುಳಿತಿದೆ.

ಅದರೊಳಗೆ ನಾಲ್ಕು ಕೋಣೆಗಳು. ಮೇಲಿನ ಎರಡಕ್ಕೆ ಹೃತ್ಕರ್ಣ ಎಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿ ಎಂದೂ ಶಾಲೆಯ ಪುಸ್ತಕದಲ್ಲಿ ಓದಿದ್ದೀರಿ. ಬಲಕ್ಕೂ ಎಡಕ್ಕೂ ನಡುವೆ ಗಟ್ಟಿ ಗೋಡೆ. ಆದ್ದರಿಂದ ಹೃದಯ ಒಂದು ಪಂಪಲ್ಲ, ಒಂದಕ್ಕೊಂದು ಅಂಟಿಕೊಂಡ ಎರಡು ಪಂಪು. ಬಲಗಡೆಯದು ಕೆಟ್ಟ ರಕ್ತವನ್ನು ಪಕ್ಕದಲ್ಲೇ ಇರುವ ಪುಪ್ಪುಸಗಳಿಗೆ ತಳ್ಳುತ್ತದೆ. ಎಡಗಡೆಯದು ಶುದ್ಧ ರಕ್ತವನ್ನು ನೆತ್ತಿಯಿಂದ ಅಂಗಾಲಿನವರೆಗೆ ತಳ್ಳಬೇಕು. ಕೆಲಸ ಹೆಚ್ಚು, ಆದ್ದರಿಂದ ಎಡಗಡೆಯ ಕೆಳಕೋಣೆಯ ಗೋಡೆ ಬಲಗಡೆಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ.

ತೋಟದ ಬಾವಿಗೆ ಮೋಟಾರು ಇಳಿಸಿದವರಿಗೆ ಫುಟ್‌ವಾಲ್ವ್ ಗೊತ್ತು. ನೀರು ಮೇಲಕ್ಕೆ ಹೋಗಲು ಬಿಡುತ್ತದೆ, ಹಿಂದಕ್ಕೆ ಬೀಳಲು ಬಿಡುವುದಿಲ್ಲ. ಹೃದಯದಲ್ಲಿ ಇಂಥ ಕವಾಟಗಳು ನಾಲ್ಕು. ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಎರಡು, ಕೆಳಗಿನ ಕೋಣೆಗಳಿಂದ ಹೊರಡುವ ದೊಡ್ಡ ಕೊಳವೆಗಳ ಬಾಯಲ್ಲಿ ಎರಡು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳುವ “ಲಬ್ ಡಬ್” ಎಂಬ ಸದ್ದು ಈ ಬಾಗಿಲುಗಳು ಮುಚ್ಚಿಕೊಳ್ಳುವ ಸದ್ದು. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ನಡುವೆ ಸೋರುವ ಸದ್ದು ಕೇಳಿಸುತ್ತದೆ.

ಇಲ್ಲಿ ತಾಯಂದಿರಿಗೆ ಒಂದು ಮಾತು. ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗಳಲ್ಲಿ ಮಕ್ಕಳಿಗೆ ಗಂಟಲು ನೋವು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಒಂದು ಬಗೆಯ ಕ್ರಿಮಿಯಿಂದ ಬರುವ ಗಂಟಲು ನೋವಿಗೆ ಮದ್ದು ಮಾಡದೆ ಬಿಟ್ಟರೆ, ಕೆಲವು ಮಕ್ಕಳಿಗೆ ಕೆಲವು ವಾರಗಳ ಮೇಲೆ ಜ್ವರವೂ ಕೀಲುನೋವೂ ಬಂದು, ಕೊನೆಗೆ ಹೃದಯದ ಕವಾಟವೇ ಕೆಡುತ್ತದೆ. ಇದಕ್ಕೆ ರುಮ್ಯಾಟಿಕ್ ಜ್ವರ ಎಂದು ಹೆಸರು. ಪೆನಿಸಿಲಿನ್ ಎಂಬ ಹಳೆಯ, ಅಗ್ಗದ ಮದ್ದು ಇದನ್ನು ತಡೆಯುತ್ತದೆ. ಒಮ್ಮೆ ಬಂದವರಿಗೆ ಡಾಕ್ಟರು ಮೂರು ನಾಲ್ಕು ವಾರಕ್ಕೊಮ್ಮೆ ಸೂಜಿ ಹಾಕಿಸಿಕೊಳ್ಳಲು ಹೇಳಿದರೆ, ವರ್ಷಗಟ್ಟಲೆಯಾದರೂ ತಪ್ಪಿಸಬಾರದು.

ರಕ್ತದ ದಾರಿ

ಈಗ ಒಂದು ಹನಿ ರಕ್ತದ ಜೊತೆ ನಾವೂ ಹೊರಡೋಣ. ಕಾಲಿನ ಹೆಬ್ಬೆರಳಿಗೆ ಪ್ರಾಣವಾಯುವನ್ನು ಕೊಟ್ಟು ಬರಿಗೈಯಾದ ಹನಿ, ಅಭಿಧಮನಿಗಳ ಮೂಲಕ ಮೇಲೇರಿ ಹೃದಯದ ಬಲ ಮೇಲ್ಕೋಣೆಗೆ ಬರುತ್ತದೆ. ಅಲ್ಲಿಂದ ಬಲ ಕೆಳಕೋಣೆಗೆ, ಅಲ್ಲಿಂದ ಪುಪ್ಪುಸಕ್ಕೆ. ಅಲ್ಲಿ ಹೊತ್ತು ತಂದ ಇಂಗಾಲದ ಅನಿಲವನ್ನು ಇಳಿಸಿ, ಪ್ರಾಣವಾಯುವನ್ನು ತುಂಬಿಕೊಳ್ಳುತ್ತದೆ. ತಿರುಗಿ ಎಡ ಮೇಲ್ಕೋಣೆಗೆ, ಎಡ ಕೆಳಕೋಣೆಗೆ, ಅಲ್ಲಿಂದ ಮಹಾಪಧಮನಿ ಎಂಬ ಹೆದ್ದಾರಿಗೆ. ಹೆದ್ದಾರಿಯಿಂದ ಜಿಲ್ಲಾ ರಸ್ತೆ, ಊರ ರಸ್ತೆ, ಓಣಿ ಎಂಬಂತೆ ಕೊಳವೆಗಳು ಕವಲೊಡೆಯುತ್ತ ಹೋಗಿ, ಕೊನೆಗೆ ಕೂದಲಿಗಿಂತಲೂ ಎಷ್ಟೋ ಸಣ್ಣದಾದ ಲೋಮನಾಳಗಳಾಗುತ್ತವೆ. ಅಲ್ಲಿ ರಕ್ತದ ಕೆಂಪು ಕಣಗಳು ರೇಷನ್ ಅಂಗಡಿಯ ಸಾಲಿನಂತೆ ಒಂದರ ಹಿಂದೊಂದು ನಡೆಯಬೇಕು. ಸುಮ್ಮನೆ ಕುಳಿತಿರುವ ಮನುಷ್ಯನಲ್ಲಿ ಈ ಪೂರ್ತಿ ಸುತ್ತಿಗೆ ಸುಮಾರು ಒಂದು ನಿಮಿಷ ಸಾಕು.

ಹೃದಯ ತಳ್ಳಿದ ರಕ್ತ ಕಾಲಿಗೆ ಇಳಿಯುವುದು ಸುಲಭ, ಮೇಲೇರುವುದು ಕಷ್ಟ. ಅದಕ್ಕಾಗಿ ಕಾಲಿನ ಅಭಿಧಮನಿಗಳಲ್ಲಿಯೂ ಚಿಕ್ಕ ಚಿಕ್ಕ ಕವಾಟಗಳಿವೆ. ನಾವು ನಡೆಯುವಾಗ ಮೀನಖಂಡದ ಮಾಂಸ ಬಿಗಿದು, ಸಡಿಲಿ, ಕೊಳವೆಯನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಲೈನಿನ ಮುಂದೆ ಎಂಟು ಗಂಟೆ ಅಲುಗಾಡದೆ ನಿಲ್ಲುವವರಿಗೆ ಈ ಸಹಾಯ ಸಿಗುವುದಿಲ್ಲ. ಸಂಜೆಗೆ ಕಾಲು ಊದಿಕೊಳ್ಳುತ್ತದೆ. ವರ್ಷಗಳು ಕಳೆದರೆ ಅಭಿಧಮನಿಗಳು ಹುರಿಹುರಿಯಾಗಿ ಉಬ್ಬುತ್ತವೆ. ಗಾರ್ಮೆಂಟಿನಲ್ಲಿ ಇಸ್ತ್ರಿಗೆ ನಿಲ್ಲುವ ಅಕ್ಕಂದಿರಿಗೂ ಕಾವಲಿಗೆ ನಿಲ್ಲುವ ಅಣ್ಣಂದಿರಿಗೂ ಇದನ್ನು ವಿವರಿಸಬೇಕಾಗಿಲ್ಲ. ನಿಂತಲ್ಲೇ ಗಂಟೆಗೆ ಹಲವು ಸಲ ಹಿಮ್ಮಡಿ ಎತ್ತಿ ಇಳಿಸಿರಿ. ಟೀ ವೇಳೆಯಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಮಲಗುವಾಗ ಕಾಲಕೆಳಗೆ ದಿಂಬಿಡಿರಿ. ನಿಲ್ಲುವ ಕೆಲಸಕ್ಕೆ ಒಂದು ಸ್ಟೂಲು ಕೇಳುವುದು ಸೋಮಾರಿತನವಲ್ಲ, ದೇಹಧರ್ಮ.

ಲೆಕ್ಕ ಹಾಕಿದವರು

ಈಗ ಲೆಕ್ಕಕ್ಕೆ ಬರೋಣ. ನಿಮಿಷಕ್ಕೆ ೭೨ ಬಡಿತ ಎಂದರೆ ಗಂಟೆಗೆ ೪,೩೨೦, ದಿನಕ್ಕೆ ೧,೦೩,೬೮೦. ಒಂದು ಬಡಿತಕ್ಕೆ ಎಡಗಡೆಯ ಪಂಪು ಸುಮಾರು ೭೦ ಮಿಲಿಲೀಟರ್ ತಳ್ಳುತ್ತದೆ. ನಿಮಿಷಕ್ಕೆ ಐದು ಲೀಟರ್. ದಿನಕ್ಕೆ ೭,೨೦೦ ಲೀಟರ್. ಎಂದರೆ ೨೦೦ ಲೀಟರಿನ ಡ್ರಮ್ಮು ೩೬. ಇದು ವಿಶ್ರಾಂತಿಯಲ್ಲಿರುವವನ ಲೆಕ್ಕ. ಮೂಟೆ ಹೊರುವಾಗ, ಗುದ್ದಲಿ ಹಿಡಿದಾಗ ಇದು ಮೂರು ನಾಲ್ಕು ಪಟ್ಟು ಏರುತ್ತದೆ. ಆದರೆ ನಮ್ಮ ದೇಹದಲ್ಲಿ ಒಟ್ಟು ಇರುವ ರಕ್ತವೇ ಸುಮಾರು ಐದು ಲೀಟರ್!

ಈ ಚಿಕ್ಕ ಲೆಕ್ಕವೇ ವೈದ್ಯಶಾಸ್ತ್ರವನ್ನು ತಲೆಕೆಳಗು ಮಾಡಿತು. ಎರಡನೆಯ ಶತಮಾನದ ಗೇಲನ್ ಎಂಬ ವೈದ್ಯನ ಮಾತನ್ನು ಯೂರೋಪಿನವರು ಸಾವಿರದ ನಾನೂರು ವರ್ಷ ನಂಬಿದ್ದರು. ಉಂಡ ಅನ್ನ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಗದ್ದೆಗೆ ಹಾಯಿಸಿದ ನೀರಿನಂತೆ ದೇಹದಲ್ಲಿ ಇಂಗಿಹೋಗುತ್ತದೆ, ಮತ್ತೆ ಹೊಸ ರಕ್ತ ಹುಟ್ಟುತ್ತದೆ ಎಂಬುದು ಆ ನಂಬಿಕೆ. ಇಂಗ್ಲೆಂಡಿನ ವಿಲಿಯಂ ಹಾರ್ವೆ ಎಂಬ ವೈದ್ಯ ಕುಳಿತು ಲೆಕ್ಕ ಹಾಕಿದ. ಒಂದು ಬಡಿತಕ್ಕೆ ತೀರ ಸ್ವಲ್ಪವೇ ರಕ್ತ ಹೊರಬೀಳುತ್ತದೆಂದು ಇಟ್ಟುಕೊಂಡರೂ, ಅರ್ಧ ಗಂಟೆಯಲ್ಲಿ ಬೀಳುವ ರಕ್ತ ಇಡೀ ದೇಹದಲ್ಲಿರುವುದನ್ನು ಮೀರುತ್ತದೆ. ಇಷ್ಟು ರಕ್ತ ಹುಟ್ಟಿಸುವಷ್ಟು ಅನ್ನವನ್ನು ಯಾರು ಉಂಡಾರು? ಹಾಗಾದರೆ ಅದೇ ರಕ್ತ ತಿರುತಿರುಗಿ ಬರುತ್ತಿರಬೇಕು. ೧೬೨೮ರಲ್ಲಿ ಆತ ಇದನ್ನು ಪುಸ್ತಕವಾಗಿ ಅಚ್ಚುಹಾಕಿಸಿದ. ರಕ್ತ ಅಪಧಮನಿಯಿಂದ ಅಭಿಧಮನಿಗೆ ದಾಟುವ ಸೇತುವೆಯನ್ನು ಮಾತ್ರ ಆತ ಕಾಣಲಿಲ್ಲ. ಆತ ತೀರಿಕೊಂಡ ನಾಲ್ಕು ವರ್ಷದ ಮೇಲೆ, ೧೬೬೧ರಲ್ಲಿ, ಇಟಲಿಯ ಮಾಲ್ಪೀಗಿ ಕಪ್ಪೆಯ ಪುಪ್ಪುಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಲೋಮನಾಳಗಳನ್ನು ಕಂಡ.

ಎಲ್ಲವೂ ಯೂರೋಪಿನಲ್ಲೇ ಶುರುವಾಯಿತೆಂದು ತಿಳಿಯಬೇಡಿರಿ. ಬಲಗಡೆಯ ರಕ್ತ ಪುಪ್ಪುಸವನ್ನು ಸುತ್ತಿಯೇ ಎಡಗಡೆಗೆ ಬರುತ್ತದೆ, ನಡುವಿನ ಗೋಡೆಯಲ್ಲಿ ತೂತಿಲ್ಲ ಎಂದು ೧೩ನೆಯ ಶತಮಾನದಲ್ಲೇ ಬರೆದಿಟ್ಟವರು ಇಬ್ನ್ ಅಲ್ ನಫೀಸ್ ಎಂಬ ಮುಸಲ್ಮಾನ ವೈದ್ಯರು. ಇನ್ನು ರಕ್ತದ ಒತ್ತಡವನ್ನು ಮೊದಲು ಅಳೆದವರು ವೈದ್ಯರೂ ಅಲ್ಲ, ಒಂದು ಹಳ್ಳಿಯ ಸಭೆಯ ಪಾದ್ರಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬವರು ಕುದುರೆಯ ಅಪಧಮನಿಗೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮಿಕ್ಕಿ ಮೇಲೇರಿತು. ೧೭೩೩ರಲ್ಲಿ ಅದನ್ನು ಪ್ರಕಟಿಸಿದರು. ತೋಳಿಗೆ ಪಟ್ಟಿ ಕಟ್ಟಿ, ಕಿವಿಗೆ ಕೊಳವೆಯಿಟ್ಟು ಕೇಳುವ ಈಗಿನ ಸುಲಭ ವಿಧಾನವನ್ನು ೧೯೦೫ರಲ್ಲಿ ತಿಳಿಸಿದವರು ರಷ್ಯದ ಕೊರೊಟ್ಕಾಫ್. ಹೀಗೆ ಹಲವು ದೇಶ, ಹಲವು ಮತದವರ ದುಡಿಮೆ ಸೇರಿ ನಮ್ಮ ಊರಿನ ನರ್ಸಮ್ಮನ ಕೈಗೆ ಆ ಯಂತ್ರ ಬಂದಿದೆ.

ಒತ್ತಡ ಎಂಬ ಸದ್ದಿಲ್ಲದ ಶತ್ರು

ಬಿ.ಪಿ. ನೋಡಿದಾಗ ಎರಡು ಸಂಖ್ಯೆ ಹೇಳುತ್ತಾರೆ. ೧೨೦, ೮೦ ಎನ್ನೋಣ. ಮೇಲಿನದು ಹೃದಯ ಬಿಗಿದು ತಳ್ಳುವಾಗಿನ ಒತ್ತಡ. ಕೆಳಗಿನದು ಹೃದಯ ಸಡಿಲಿರುವಾಗಿನ ಒತ್ತಡ. ಬೇರೆ ಬೇರೆ ದಿನಗಳಲ್ಲಿ ನೋಡಿದಾಗಲೂ ೧೪೦, ೯೦ ಅಥವಾ ಅದಕ್ಕೆ ಮೇಲೆ ಬಂದರೆ ಅದು ರಕ್ತದ ಏರೊತ್ತಡ. ಎರಡರಲ್ಲಿ ಒಂದು ಏರಿದ್ದರೂ ಏರಿದಂತೆಯೇ.

“ನಮಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಬಿ.ಪಿ. ಎಲ್ಲಿಂದ ಬರಬೇಕು?” ಎನ್ನುವವರಿದ್ದಾರೆ. ಅದರ ಕೇಡೇ ಅದು, ನೋವು ಕೊಡುವುದಿಲ್ಲ. ಕಂಪ್ರೆಸರಿನಲ್ಲಿ ಪ್ರೆಷರ್ ಮೀರಿದರೆ ಸೇಫ್ಟಿ ವಾಲ್ವು ಕೂಗುತ್ತದೆ; ದೇಹದಲ್ಲಿ ಅಂಥ ಕೂಗು ಇಲ್ಲ. ಎಡಗಡೆಯ ಪಂಪು ಹೆಚ್ಚು ಬಲದಿಂದ ತಳ್ಳಿ ತಳ್ಳಿ ಗೋಡೆ ದಪ್ಪವಾಗಿ, ಕಡೆಗೆ ಸೋಲುತ್ತದೆ. ಮೆದುಳಿನ ಕೊಳವೆ ಒಡೆದರೆ, ಕಟ್ಟಿಕೊಂಡರೆ ಪಾರ್ಶ್ವವಾಯು. ಮೂತ್ರಪಿಂಡ ಸದ್ದಿಲ್ಲದೆ ಕೆಡುತ್ತದೆ.

ಇಲ್ಲಿ ನಮ್ಮ ಜಿಲ್ಲೆಗೆ ಒಂದು ಹೆಸರಿದೆ. ೨೦೨೧ರ ಆಗಸ್ಟ್ ೫ರಂದು ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು “ಮಕ್ಕಳೈ ತೇಡಿ ಮರುತ್ತುವಂ” ಯೋಜನೆಯನ್ನು ಆರಂಭಿಸಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಕನ್ನಡದವರು ಮಕ್ಕಳ ಯೋಜನೆ ಎಂದು ತಪ್ಪು ತಿಳಿಯಬಾರದು. ತಮಿಳಿನಲ್ಲಿ ಮಕ್ಕಳ್ ಎಂದರೆ ಜನ. ಜನರನ್ನು ಹುಡುಕಿಕೊಂಡು ಬರುವ ವೈದ್ಯ ಎಂದು ಅರ್ಥ. ಆರೋಗ್ಯ ಕೆಲಸದ ಹೆಂಗಸರು ಮನೆಬಾಗಿಲಿಗೆ ಬಂದು ಬಿ.ಪಿ., ಸಕ್ಕರೆ ನೋಡುವುದು, ಕಾಯಿಲೆ ಇರುವವರಿಗೆ ಮಾತ್ರೆ ತಂದು ಕೊಡುವುದು ಇದರ ಮುಖ್ಯ ಕೆಲಸ. ಆಸ್ಪತ್ರೆಯ ಸಾಲಿನಲ್ಲಿ ಅರ್ಧ ದಿನ ನಿಂತರೆ ಅರ್ಧ ದಿನದ ಕೂಲಿ ಹೋಗುತ್ತದೆ. ಕೂಲಿ ಹೋಗುತ್ತದೆಂದು ಮಾತ್ರೆ ನಿಲ್ಲಿಸುತ್ತಾರೆ. ಮಾತ್ರೆ ನಿಲ್ಲಿಸಿದ್ದರಿಂದ ಜೀವ ಹೋಗುತ್ತದೆ. ಈ ಸರಪಳಿಯನ್ನು ಕಡಿಯಲೆಂದೇ ಇದು ಬಂದದ್ದು. ಅವರು ಬರುವ ಹೊತ್ತಿಗೆ ನಾವು ಶಿಫ್ಟಿನಲ್ಲಿರುತ್ತೇವೆ. ಮನೆಯಲ್ಲಿರುವವರು ನಮ್ಮ ಹೆಸರನ್ನೂ ಬರೆಸಲಿ. ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿಯರು ನಾಚಿಕೊಂಡು ಒಳಗೆ ಹೋಗದಿರಲಿ. ಪಕ್ಕದ ಮನೆಯ ಹುಡುಗಿ ನಿಂತು ಮಾತು ದಾಟಿಸಲಿ.

ಮಾತ್ರೆಯ ವಿಷಯ ಒಂದು ಎಚ್ಚರಿಕೆ. ಒತ್ತಡ ಇಳಿಯಿತೆಂದು ಮಾತ್ರೆ ಬಿಡಬಾರದು, ಮಾತ್ರೆಯಿಂದಲೇ ಇಳಿದದ್ದು. ಉಪ್ಪು ದಿನಕ್ಕೆ ಒಬ್ಬರಿಗೆ ೫ ಗ್ರಾಂ, ಎಂದರೆ ಒಂದು ಚಿಕ್ಕ ಚಮಚೆಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು, ಪ್ಯಾಕೆಟ್ಟಿನ ಕುರುಕಲು ಇವುಗಳಲ್ಲಿ ಅಡಗಿರುವ ಉಪ್ಪೂ ಲೆಕ್ಕಕ್ಕೆ ಸೇರಬೇಕು. ನಮ್ಮ ಹಿರಿಯರ ರಾಗಿಮುದ್ದೆ, ಹುರುಳಿ ಸಾರು, ಸೊಪ್ಪು ಬಡವರ ಊಟವೆಂದು ನಾವೇ ಕೈಬಿಟ್ಟೆವು. ಈಗ ಡಾಕ್ಟರು ಅದನ್ನೇ ತಿನ್ನಿರೆನ್ನುತ್ತಾರೆ.

ಹೃದಯಕ್ಕೂ ವಿಶ್ರಾಂತಿ ಇದೆ

ಮೊದಲು ನಾವು ಹೃದಯಕ್ಕೆ ರಜೆ ಇಲ್ಲವೆಂದೆವು. ರಜೆ ಇಲ್ಲ, ಆದರೆ ವಿಶ್ರಾಂತಿ ಇದೆ. ಇದನ್ನು ಕಾರ್ಮಿಕರಾದ ನಾವು ಚೆನ್ನಾಗಿ ಮನಸ್ಸಿಗೆ ತೆಗೆದುಕೊಳ್ಳಬೇಕು. ನಿಮಿಷಕ್ಕೆ ೭೫ ಬಡಿತವಾದರೆ ಒಂದು ಬಡಿತಕ್ಕೆ ಸೆಕೆಂಡಿನ ಹತ್ತರಲ್ಲಿ ಎಂಟು ಭಾಗ. ಅದರಲ್ಲಿ ಕೆಳಗಿನ ಕೋಣೆಗಳು ಬಿಗಿದು ದುಡಿಯುವುದು ಮೂರು ಭಾಗ. ಸಡಿಲಿ ವಿಶ್ರಮಿಸುವುದು ಐದು ಭಾಗ. ದಿನಪೂರ್ತಿ ಕೂಡಿಸಿದರೆ ಒಂಬತ್ತು ಗಂಟೆ ಕೆಲಸ, ಹದಿನೈದು ಗಂಟೆ ವಿಶ್ರಾಂತಿ. ದೇವರು ಮಾಡಿದ ಟೈಂಟೇಬಲ್ ಇದು. ಈ ವಿಶ್ರಾಂತಿಯಲ್ಲಿಯೇ ಕೋಣೆ ತುಂಬಿಕೊಳ್ಳುವುದು.

ಇನ್ನೂ ಒಂದು ಸೋಜಿಗವಿದೆ. ಸಂಬಳದ ದಿನ ಕ್ಯಾಷಿಯರ್ ಕೈಯಲ್ಲಿ ಲಕ್ಷಗಟ್ಟಲೆ ಹಣ ಓಡಾಡುತ್ತದೆ. ಆದರೆ ಅವನ ಮನೆ ನಡೆಯುವುದು ಅವನ ಸಂಬಳದಿಂದ ಮಾತ್ರ. ಹೃದಯವೂ ಹಾಗೆಯೇ. ಕೋಣೆಗಳಲ್ಲಿ ಹರಿದುಹೋಗುವ ರಕ್ತದಿಂದ ಅದರ ದಪ್ಪ ಗೋಡೆಗೆ ಆಹಾರ ಸಿಗುವುದಿಲ್ಲ. ಮಹಾಪಧಮನಿಯ ಬುಡದಲ್ಲಿಯೇ ಹೊರಟು ಹೃದಯವನ್ನು ಕಿರೀಟದಂತೆ ಸುತ್ತಿರುವ ಎರಡು ಕೊಳವೆಗಳು ಅದಕ್ಕೆ ರಕ್ತ ಕೊಡುತ್ತವೆ. ಡಾಕ್ಟರರು ಕರೋನರಿ ಎನ್ನುವುದು ಇವುಗಳನ್ನೇ. ದೇಹದ ತೂಕದ ಇನ್ನೂರರಲ್ಲಿ ಒಂದು ಪಾಲು ಇರುವ ಹೃದಯಕ್ಕೆ ರಕ್ತದಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಬೇಕು. ಎಡಗಡೆಯ ಗೋಡೆ ಬಿಗಿದಿರುವಾಗ ಅದರೊಳಗಿನ ಕೊಳವೆಗಳು ಹಿಂಡಿಹೋಗುತ್ತವೆ. ಆದ್ದರಿಂದ ಅದಕ್ಕೆ ಊಟ ಸಿಗುವುದು ಹೆಚ್ಚಾಗಿ ವಿಶ್ರಾಂತಿಯ ಹೊತ್ತಿನಲ್ಲಿ. ಬಡಿತ ತುಂಬ ವೇಗವಾದರೆ ಕಡಿಮೆಯಾಗುವುದು ದುಡಿಮೆಯ ಭಾಗಕ್ಕಿಂತ ವಿಶ್ರಾಂತಿಯ ಭಾಗವೇ ಹೆಚ್ಚು. ಕೆಲಸ ಏರಿತು, ಊಟದ ವೇಳೆ ಇಳಿಯಿತು! ಇದು ನಮಗೆ ಗೊತ್ತಿಲ್ಲದ ಕಥೆಯೇ?

ಎಂಟು ಗಂಟೆ ಕೆಲಸಕ್ಕಾಗಿ ನಮ್ಮ ಹಿರಿಯರು ಯಾಕೆ ಹೋರಾಡಿದರೆಂದು ಇಲ್ಲಿ ಅರ್ಥವಾಗುತ್ತದೆ. ೧೮೮೬ರಲ್ಲಿ ಚಿಕಾಗೋ ನಗರದ ಕಾರ್ಮಿಕರು ಕೇಳಿದ್ದು ಇದನ್ನೇ. ನಮ್ಮ ದೇಶದಲ್ಲಿ ಮೊದಲು ಮೇ ದಿನ ಆಚರಿಸಿದ್ದು ಮದರಾಸಿನ ಕಡಲತೀರದಲ್ಲಿ, ೧೯೨೩ರಲ್ಲಿ, ಸಿಂಗಾರವೇಲರ ಮುಂದಾಳುತನದಲ್ಲಿ. ಅದಕ್ಕೆ ಸರಿಯಾಗಿ ನೂರು ವರ್ಷ ತುಂಬುವಾಗ, ೨೦೨೩ರ ಏಪ್ರಿಲ್ ೨೧ರಂದು, ಕಾರ್ಖಾನೆಗಳಲ್ಲಿ ದಿನಕ್ಕೆ ೧೨ ಗಂಟೆಯವರೆಗೆ ಕೆಲಸ ಮಾಡಿಸಲು ಎಡೆ ಕೊಡುವ ಮಸೂದೆ ತಮಿಳುನಾಡು ವಿಧಾನಸಭೆಯಲ್ಲಿ ಅಂಗೀಕಾರವಾಯಿತು. ವಾರದ ಒಟ್ಟು ಗಂಟೆ ಏರುವುದಿಲ್ಲ, ರಜೆ ಹೆಚ್ಚುತ್ತದೆ ಎಂದು ಸಮಾಧಾನ ಹೇಳಿದರು. ಎಲ್ಲ ಬಣ್ಣದ ಸಂಘಗಳೂ ಎದ್ದು ನಿಂತವು. ಮೇ ೧ರಂದು ಅದನ್ನು ಹಿಂದಕ್ಕೆ ಪಡೆದುದಾಗಿ ಮುಖ್ಯಮಂತ್ರಿ ಪ್ರಕಟಿಸಿದರು.

ಆ ಹೋರಾಟ ಬರಿಯ ಹಟವಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಕೂಡಿ ೨೦೨೧ರ ಮೇ ತಿಂಗಳಲ್ಲಿ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ ೫೫ ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, ೩೫ರಿಂದ ೪೦ ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇಕಡ ೩೫ರಷ್ಟು ಹೆಚ್ಚು. ಹೃದಯದ ಕೊಳವೆ ಕಟ್ಟಿ ಸಾಯುವ ಅಪಾಯ ಶೇಕಡ ೧೭ರಷ್ಟು ಹೆಚ್ಚು. ೨೦೧೬ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಯ ಕಾರಣದಿಂದ ಜಗತ್ತಿನಲ್ಲಿ ಸುಮಾರು ೭,೪೫,೦೦೦ ಜನ ಸತ್ತರೆಂದು ಅವರ ಅಂದಾಜು. ಈಗ ನಮ್ಮನ್ನು ನಾವೇ ಕೇಳಿಕೊಳ್ಳೋಣ. ದಿನಕ್ಕೆ ಎಂಟು ಗಂಟೆಯ ಆರು ದಿನ ಎಂದರೆ ೪೮. ಅದರ ಮೇಲೆ ಎರಡು ಓ.ಟಿ. ಹಿಡಿದರೆ ೫೫ ದಾಟಲು ಎಷ್ಟು ಹೊತ್ತು? ಮ್ಯಾನೇಜ್ಮೆಂಟಿನವರು ಮಾತ್ರವಲ್ಲ, ಚೀಟಿ ಹಣಕ್ಕೂ ಗಾಡಿಯ ಕಂತಿಗೂ ನಾವೇ ಓ.ಟಿ. ಕೇಳಿ ಪಡೆಯುತ್ತೇವೆ. ಎಂಟು ಗಂಟೆಯ ಸಂಬಳದಲ್ಲಿ ಸಂಸಾರ ನಡೆಯದಿದ್ದರೆ ಮನುಷ್ಯ ಹನ್ನೆರಡು ಗಂಟೆ ದುಡಿಯದೆ ಏನು ಮಾಡಿಯಾನು? ಆದ್ದರಿಂದ ಸಂಬಳದ ಪ್ರಶ್ನೆಯೂ ಹೃದಯದ ಪ್ರಶ್ನೆಯೇ.

ಕೊಳವೆ ಕಟ್ಟಿಕೊಂಡಾಗ

ನಮ್ಮ ಕಡೆ ಗುಲಾಬಿ ತೋಟಗಳಲ್ಲಿ ಹನಿ ನೀರಾವರಿಯ ಕರಿಯ ಕೊಳವೆ ನೋಡಿದ್ದೀರಿ. ಗಡಸು ನೀರಿನ ಉಪ್ಪು ಒಳಗೆ ಕೂತು ಕೂತು ಒಂದು ದಿನ ತೂತು ಮುಚ್ಚುತ್ತದೆ. ಆ ಗಿಡ ಒಣಗುತ್ತದೆ. ಕರೋನರಿ ಕೊಳವೆಯ ಗೋಡೆಯಲ್ಲಿಯೂ ಕೊಬ್ಬು ವರ್ಷಗಟ್ಟಲೆ ಸೇರುತ್ತದೆ. ಏರೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಇದನ್ನು ಬೆಳೆಸುತ್ತವೆ. ಒಂದು ದಿನ ಆ ಕೊಬ್ಬಿನ ಮೇಲಿನ ತೆಳು ಪೊರೆ ಹರಿದರೆ, ಗಾಯವಾಯಿತೆಂದು ತಿಳಿದು ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ. ದಾರಿ ಪೂರ್ತಿ ಮುಚ್ಚುತ್ತದೆ. ಅದರಾಚೆಯ ಹೃದಯದ ಮಾಂಸ ನಿಮಿಷ ನಿಮಿಷಕ್ಕೂ ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಗುರುತುಗಳನ್ನು ಕೇಳಿರಿ. ಎದೆಯ ನಡುವೆ ಕಲ್ಲು ಹೇರಿದಂತೆ ಭಾರ, ಹಿಂಡಿದಂತೆ ನೋವು, ಅದು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ಉಸಿರು ಸಾಲದಿರುವುದು, ವಾಂತಿ ಬಂದಂತಾಗುವುದು. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ಎದೆನೋವು ಇಲ್ಲದೆ, ಬರಿಯ ಸುಸ್ತು, ಉಸಿರುಕಟ್ಟು ಮಾತ್ರ ಬರಬಹುದು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಯಾರಿಂದಲೂ ಆಗದು. ಹೃದಯ ತನ್ನದೇ ಒಂದು ಚಿಕ್ಕ ಕರೆಂಟನ್ನು ತಾನೇ ಹುಟ್ಟಿಸಿಕೊಂಡು ಬಡಿಯುತ್ತದೆ; ಆ ಕರೆಂಟನ್ನು ಕಾಗದದ ಮೇಲೆ ಬರೆಯುವುದೇ ಇ.ಸಿ.ಜಿ. ಹತ್ತು ನಿಮಿಷದ ಆ ಕೆಲಸದಿಂದ ಎಷ್ಟೋ ಸಲ ವಿಷಯ ತಿಳಿಯುತ್ತದೆ.

ಕೂಡಲೇ ೧೦೮ಕ್ಕೆ ಫೋನು ಮಾಡಿರಿ. ರೋಗಿಯನ್ನು ನಡೆಸಬೇಡಿರಿ, ಬೈಕಿನ ಹಿಂದೆ ಕೂರಿಸಬೇಡಿರಿ. ಮೊದಲನೆಯ ಗಂಟೆ ಚಿನ್ನದಂಥದು. ಬೆಂಗಳೂರು ನಲವತ್ತು ಕಿಲೋಮೀಟರು ತಾನೇ, ಜಯದೇವ ಆಸ್ಪತ್ರೆಗೇ ನೇರ ಹೋಗೋಣ ಎಂದು ಹಲವರು ಹೊರಡುತ್ತಾರೆ. ಜಯದೇವ ದೊಡ್ಡ ಆಸ್ಪತ್ರೆ ನಿಜ. ಆದರೆ ಅತ್ತಿಬೆಲೆ ದಾಟಿ ಆ ಗಾಡಿಗಳ ಸಂದಣಿಯಲ್ಲಿ ಕಳೆಯುವ ಗಂಟೆಯನ್ನು ಯಾರು ತಿರುಗಿ ಕೊಡುತ್ತಾರೆ? ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಮೊದಲು. ಎಲ್ಲಿಗೆ ಕಳಿಸಬೇಕೆಂದು ಅವರು ಹೇಳಲಿ. ೨೦೨೩ರಲ್ಲಿ ತಮಿಳುನಾಡು ಸರಕಾರ “ಇದಯಂ ಕಾಪ್ಪೋಂ”, ಎಂದರೆ ಹೃದಯ ಕಾಪಾಡೋಣ, ಎಂಬ ಯೋಜನೆ ತಂದಿತು. ಎದೆನೋವಿನವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮೊದಲ ಮಾತ್ರೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳಿಸುವುದು ಅದರ ಉದ್ದೇಶ. ತಳಿ, ಅಂಚೆಟ್ಟಿ, ದೆಂಕಣಿಕೋಟೆ ಕಡೆಯ ದೂರದ ಹಳ್ಳಿಗಳವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಮನುಷ್ಯ ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರೂ ಸರಿಯಾಗಿ ಆಡದಿದ್ದರೆ ಹೃದಯ ನಿಂತಿದೆ ಎಂದು ತಿಳಿಯಿರಿ. ಬಾಯಿಗೆ ನೀರು ಹಾಕಬೇಡಿರಿ. ಒಬ್ಬರು ೧೦೮ ಕರೆಯಲಿ. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ಮಧ್ಯದಲ್ಲಿ ಒಂದು ಅಂಗೈಯ ಮೇಲೆ ಇನ್ನೊಂದಿಟ್ಟು, ತೋಳು ಬಗ್ಗಿಸದೆ, ಐದು ಸೆಂಟಿಮೀಟರಿನಷ್ಟು ಇಳಿಯುವಂತೆ ಒತ್ತಲಿ. ನಿಮಿಷಕ್ಕೆ ೧೦೦ರಿಂದ ೧೨೦ ಸಲ, ಆಂಬುಲೆನ್ಸ್ ಬರುವವರೆಗೆ. ದಣಿದರೆ ಕೈ ಬದಲಿಸಿಕೊಳ್ಳಿರಿ. ಆ ಹೊತ್ತು ನಮ್ಮ ಕೈಗಳೇ ಅವನ ಹೃದಯ.

ಬೀಡಿ ಸಿಗರೇಟಿನ ಬಗ್ಗೆ ಹೆಚ್ಚು ಬೈಯುವುದಿಲ್ಲ. ಹೊಗೆಯಲ್ಲಿರುವ ಒಂದು ವಿಷಾನಿಲ ರಕ್ತದಲ್ಲಿ ಪ್ರಾಣವಾಯುವಿನ ಜಾಗವನ್ನೇ ಆಕ್ರಮಿಸುತ್ತದೆ. ಬಿಟ್ಟು ಒಂದು ವರ್ಷವಾದರೆ, ಸೇದುವುದರಿಂದ ಬಂದ ಹೃದಯಾಘಾತದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಬೇಗ ಮನ್ನಿಸುವ ಅಂಗ ಬೇರೊಂದಿಲ್ಲವೇನೋ.

ನಾವು ಮಾಡಬೇಕಾದದ್ದು

ಕೇಳಿ ಎದ್ದು ಹೋಗುವುದಕ್ಕಲ್ಲ ಈ ಕೂಟ. ಮೂವತ್ತು ದಾಟಿದ ಪ್ರತಿಯೊಬ್ಬರೂ ಬಿ.ಪಿ., ಸಕ್ಕರೆ ಒಮ್ಮೆ ನೋಡಿಸಿಕೊಂಡು ಚೀಟಿಯಲ್ಲಿ ಬರೆದಿಡಿರಿ. ಇ.ಎಸ್.ಐ. ಕಾರ್ಡು ಇದ್ದೂ ಡಿಸ್ಪೆನ್ಸರಿಯ ಮೆಟ್ಟಿಲು ಹತ್ತದವರು ಹತ್ತಿರಿ. ನಮ್ಮ ಸಂಬಳದಿಂದ ಹಿಡಿದ ಹಣ ಅದರಲ್ಲಿದೆ. ಸಂಘದ ಬೇಡಿಕೆ ಪಟ್ಟಿಯಲ್ಲಿ ಸಂಬಳದ ಕೆಳಗೆ ಇನ್ನು ಮೂರು ಸಾಲು ಸೇರಲಿ: ಪ್ರತಿ ಶಿಫ್ಟಿನಲ್ಲೂ ಎದೆ ಒತ್ತಲು ಕಲಿತ ಇಬ್ಬರು, ನಿಂತು ದುಡಿಯುವವರಿಗೆ ಕೂರುವ ಬಿಡುವು, ಕುಲುಮೆಯ ಬಳಿ ದುಡಿಯುವವರಿಗೆ ನೀರೂ ನೆರಳೂ. ಬಿಸಿಲು ಬೆಂಕಿಯಲ್ಲಿ ದೇಹವನ್ನು ತಣಿಸಲು ರಕ್ತ ಚರ್ಮಕ್ಕೆ ಓಡುತ್ತದೆ. ಬೆವರಾಗಿ ನೀರು ಕಳೆಯುತ್ತದೆ. ಉಳಿದದ್ದನ್ನೇ ಹೃದಯ ವೇಗವಾಗಿ ಓಡಿಸಬೇಕಾಗುತ್ತದೆ. ಕಾಂಟ್ರಾಕ್ಟಿನವರಿಗೂ ಉತ್ತರದಿಂದ ಬಂದ ಹುಡುಗರಿಗೂ ಈ ಬೇಡಿಕೆ ಸಮನಾಗಿ ಸಲ್ಲಬೇಕು. ಅವರ ಎದೆಯಲ್ಲಿಯೂ ನಾಲ್ಕೇ ಕೋಣೆ.

ಕೊನೆಯದಾಗಿ ಒಂದು ಮಾತು. ಸಭೆಯನ್ನು ಒಂದು ದೇಹಕ್ಕೂ ನಮ್ಮನ್ನು ಅದರ ಅಂಗಗಳಿಗೂ ಸಂತ ಪೌಲರು ಹೋಲಿಸಿದ್ದು ನಿಮಗೆ ಗೊತ್ತು. ರಕ್ತ ಸಂಚಾರವನ್ನು ತಿಳಿದ ಮೇಲೆ ಆ ಹೋಲಿಕೆ ಇನ್ನೂ ಆಳವಾಗಿ ಕಾಣುತ್ತದೆ. ಮೆದುಳಿಗೆ ಹೋಗುವ ರಕ್ತವೂ ಅಂಗಾಲಿಗೆ ಹೋಗುವ ರಕ್ತವೂ ಒಂದೇ. ಯಾವ ಅಂಗವೂ ತನಗೆ ಬಂದದ್ದನ್ನು ಬಚ್ಚಿಡುವುದಿಲ್ಲ. ಬೇಕಾದಷ್ಟು ತೆಗೆದುಕೊಂಡು ಮುಂದಕ್ಕೆ ಬಿಡುತ್ತದೆ. ರಕ್ತ ಎಲ್ಲಿ ನಿಂತಿತೋ ಅಲ್ಲಿ ಹೆಪ್ಪುಗಟ್ಟುತ್ತದೆ, ಅಲ್ಲಿಂದಲೇ ಸಾವು ಶುರುವಾಗುತ್ತದೆ. ಊರಿನ ಹಣಕ್ಕೂ ಅನ್ನಕ್ಕೂ ಇದೇ ನಿಯಮವಲ್ಲವೇ?

ಮುಂದಿನ ತಿಂಗಳ ಕೂಟಕ್ಕೆ ಬಿ.ಪಿ. ನೋಡುವ ಯಂತ್ರವನ್ನೂ ನೋಡಲು ಬಲ್ಲವರನ್ನೂ ಕರೆಸೋಣ. ನೀವು ಒಬ್ಬರೇ ಬರಬೇಡಿರಿ. ಮನೆಯವರನ್ನೂ, ಪಕ್ಕದ ಕೋಣೆಯವರನ್ನೂ ಕರೆದುಕೊಂಡು ಬನ್ನಿರಿ. ಈಗ ಪ್ರಶ್ನೆಗಳಿದ್ದರೆ ಕೇಳಿರಿ.